ಆಡಲು ಅವಕಾಶ ಸಿಮೆಂಟಿನ ಮಕ್ಕಳಿಗೆ ಮಾತ್ರ

ಬೆಂಗಳೂರಿನ ಪಾರ್ಕುಗಳಲ್ಲಿ ಈಗ ಗಿಡಕ್ಕಿಂತ ಬೋರ್ಡು ಜಾಸ್ತಿ. ಗಿಡಕ್ಕಾದರೂ ನೀರು ಹಾಕಬೇಕು, ಬೋರ್ಡು ತಾನಾಗಿಯೇ ಬೆಳೆಯುತ್ತದೆ. ನಮ್ಮ ಮನೆ ಹತ್ತಿರದ ಪಾರ್ಕಿನ ಗೇಟಿನಲ್ಲಿ ಮೊದಲು ‘ಹೂ ಕೀಳಬಾರದು’ ಅಂತಷ್ಟೇ ಇತ್ತು. ಆಮೇಲೆ ಹುಲ್ಲಿನ ಮೇಲೆ ಕೂರಬಾರದು ಎಂದಾಯಿತು. ಆಮೇಲೆ ಚೆಂಡು ತರಬಾರದು, ಸೈಕಲ್ ತರಬಾರದು, ಓಡಬಾರದು, ಕೂಗಬಾರದು. ಕೊನೆಗೆ ನಡೆಯುವವರ ಸರದಿ ಬಂತು: ‘ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ನಡೆಯಿರಿ’. ಅಲ್ಲಿಗೆ ಪಾರ್ಕು ಪೂರ್ತಿ ದೇವಸ್ಥಾನವಾಯಿತು. ಪ್ರದಕ್ಷಿಣೆ ಇದೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಸಂಜೆ ಮತ್ತೆ ತೆಗೆಯುತ್ತಾರೆ. ಗರ್ಭಗುಡಿಯಲ್ಲಿ ಯಾರಿದ್ದಾರೆ ಅಂತ ಆಮೇಲೆ ಹೇಳುತ್ತೇನೆ.

ಈ ಬೋರ್ಡು ಬರೆಸಿದವರು ನಮ್ಮ ಬಡಾವಣೆ ಸಂಘದ ಸೆಕ್ರೆಟರಿ. ನನ್ನ ಜೊತೆಯಲ್ಲೇ ಬೆಳೆದವರು. ಆಗ ‘ಲೋ’ ಅನ್ನುತ್ತಿದ್ದೆ, ಈಗ ಪದವಿ ಬಂದಿದೆ, ಬಹುವಚನ ತಪ್ಪದು. ಎಂಬತ್ತರ ದಶಕದಲ್ಲಿ ಮಲ್ಲೇಶ್ವರದ ಸಂದಿಗಳಲ್ಲಿ ಅವರಷ್ಟು ಕಿಟಕಿ ಗಾಜು ಒಡೆದವರು ಇನ್ನೊಬ್ಬರಿಲ್ಲ.

ಮಲ್ಲೇಶ್ವರದ ಹಳೇ ಮನೆಗಳ ಹಿಂದೆ ಒಂದು ಸಂದಿ ಇರುತ್ತದೆ. ಕನ್ಸರ್ವೆನ್ಸಿ ಅಂತ ಹೆಸರು. 1898ರ ಪ್ಲೇಗಿನ ಹೊತ್ತಿನಲ್ಲಿ ಬೆಳೆದ ಬಡಾವಣೆ ಅದು. ಹಿತ್ತಲ ಕಕ್ಕಸಿನಿಂದ ಮಲ ಹೊರುವವರು ಮುಂಬಾಗಿಲಿಗೆ ಕಾಣದಂತೆ ಓಡಾಡಲಿ ಅಂತ ಬಿಟ್ಟ ದಾರಿ. ಅದೆಂಥ ದಾರಿ ಅಂತ ದೊಡ್ಡವರು ಯಾರೂ ನಮಗೆ ಹೇಳಲಿಲ್ಲ. ಹೇಳಬೇಕಾದ ವಿಷಯ ಅಂತ ಅವರಿಗೆ ಅನ್ನಿಸಿಯೂ ಇರಲಿಕ್ಕಿಲ್ಲ. ನಮ್ಮ ಕಾಲಕ್ಕೆ ಒಳಚರಂಡಿ ಬಂದು ಸಂದಿ ಖಾಲಿ ಬಿದ್ದಿತ್ತು. ಖಾಲಿ ಬಿದ್ದದ್ದೆಲ್ಲ ನಮ್ಮದು ಅನ್ನೋದು ಆಗಿನ ಕಾನೂನು.

ಸಂದಿ ಇಕ್ಕಟ್ಟು. ಹಾಗಾಗಿ ಕ್ರಿಕೆಟ್ಟಿನಲ್ಲಿ ನೇರ ಹೊಡೆತ ಒಂದೇ ಗೊತ್ತು. ಕಾಂಪೌಂಡ್ ದಾಟಿದರೆ ಔಟು. ಚೆಂಡು ಮೋರಿಗೆ ಬಿದ್ದರೆ ಹೊಡೆದವನೇ ಎತ್ತಬೇಕು. ಎತ್ತಿ ಗೋಡೆಗೆ ನಾಲ್ಕು ಸಲ ಬಡಿದರೆ ಚೆಂಡು ಮಡಿಯಾಯಿತು, ಸುಣ್ಣದ ಗೋಡೆ ಮೇಲೆ ದುಂಡನೆಯ ಕಪ್ಪು ಮುದ್ರೆ ಉಳಿಯಿತು. 1983ರ ವಿಶ್ವಕಪ್‌ನಲ್ಲಿ ನಮ್ಮೂರಿನ ರೋಜರ್ ಬಿನ್ನಿ 18 ವಿಕೆಟ್ ತೆಗೆದ ಮೇಲಂತೂ ಸಂದಿಗೊಬ್ಬ ಬಿನ್ನಿ. ನಮ್ಮ ಸಂದಿಯ ಬಿನ್ನಿ ಇದೇ ಸೆಕ್ರೆಟರಿಯವರು.

ಲಗೋರಿಗೆ ಖರ್ಚೇ ಇಲ್ಲ. ಮನೆ ಕಟ್ಟುವ ಕಡೆಯಿಂದ ಒಡೆದ ಕಡಪ ಕಲ್ಲು, ಹೆಂಚಿನ ಚೂರು ತಂದು ಏಳು ಜೋಡಿಸಿದರೆ ಸಾಕು, ದೊಡ್ಡದು ಕೆಳಗೆ. ಚೆಂಡಿನಿಂದ ಬೀಳಿಸಬೇಕು. ಎದುರಿನವರು ಬೆನ್ನಿಗೆ ಬಾರಿಸುವುದರೊಳಗೆ ಮತ್ತೆ ಜೋಡಿಸಿ ‘ಲಗೋರಿ’ ಅಂತ ಕೂಗಬೇಕು. ಆ ಕೂಗು ಮುಂದಿನ ಕ್ರಾಸಿಗೆ ಕೇಳದಿದ್ದರೆ ಪಾಯಿಂಟೇ ಇಲ್ಲ. ತಮ್ಮ ತಂಗಿಯರನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವರಿಗೂ ಜಾಗ ಇತ್ತು, ಆ ಪುಟಾಣಿಗಳು ಆಟಕ್ಕುಂಟು ಲೆಕ್ಕಕ್ಕಿಲ್ಲ. ಮಧ್ಯಾಹ್ನದ ನಿದ್ದೆ ಕೆಟ್ಟ ಅಜ್ಜಿಯರು ಚೆಂಡು ಕಸಿದುಕೊಂಡು ‘ಒಲೆಗೆ ಹಾಕ್ತೀನಿ ನೋಡ್ರೋ’ ಅನ್ನುತ್ತಿದ್ದರು. ಹಾಕುತ್ತಿರಲಿಲ್ಲ. ಬೋರ್ಡೂ ಬರೆಸುತ್ತಿರಲಿಲ್ಲ.

ಈಗ ಆ ಸಂದಿಗಳಲ್ಲಿ ಕಾರುಗಳು ಹೊದಿಕೆ ಹೊದ್ದು ಮಲಗಿವೆ. ಬೀದಿಗೆ ಬಂದರೆ, ಗಾಡಿ ಬರುತ್ತೆ, ಪಾರ್ಕಿಗೆ ಹೋಗಿ ಅನ್ನುತ್ತಾರೆ. ಪಾರ್ಕಿಗೆ ಹೋದರೆ, ಇದು ಪಾರ್ಕು, ಮೈದಾನಕ್ಕೆ ಹೋಗಿ ಅನ್ನುತ್ತಾರೆ. ಮೈದಾನಕ್ಕೆ ಹೋದರೆ ಅಲ್ಲಿ ಕೋಚಿಂಗ್ ಕ್ಯಾಂಪು, ಫೀಸು ಕಟ್ಟಿ ಅನ್ನುತ್ತಾರೆ.

ಕಾಗದದ ಮೇಲೆ ಎಲ್ಲ ಭದ್ರವಾಗಿದೆ. ಪಾರ್ಕು, ಆಟದ ಮೈದಾನ, ಬಯಲು ಜಾಗ ಉಳಿಸಲು ರಾಜ್ಯದಲ್ಲಿ 1985ರದ್ದೇ ಒಂದು ಕಾಯ್ದೆ ಇದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಡಲು ಹೊರಟಾಗ ಅಲ್ಲಿನ ನಿವಾಸಿಗಳು ಸುಪ್ರೀಂ ಕೋರ್ಟಿನವರೆಗೂ ಹೋರಾಡಿ 1991ರಲ್ಲಿ ಗೆದ್ದರು. ಪಾರ್ಕು ಉಳಿಸಲು ಹೊರಟವರು ಇವತ್ತಿಗೂ ಆ ತೀರ್ಪನ್ನೇ ಎತ್ತಿ ತೋರಿಸುತ್ತಾರೆ. ಹಾಗೆ ಕಷ್ಟಪಟ್ಟು ಉಳಿಸಿಕೊಂಡ ಜಾಗಕ್ಕೆ ಬೀಗ ಹಾಕುವ ಕೆಲಸ ನಮ್ಮ ಸಂಘದಂಥವರ ಪಾಲಿಗೆ ಬಂತು. ಬಿಲ್ಡರ್ ಆಗಿದ್ದರೆ ಮಕ್ಕಳನ್ನು ಓಡಿಸಲು ಕಟ್ಟಡವನ್ನೇ ಎಬ್ಬಿಸಬೇಕಿತ್ತು. ಸಂಘದವರು ಒಂದು ಡಬ್ಬ ಪೇಂಟಿನಲ್ಲಿ ಮುಗಿಸಿದರು.

ಈಗ ಗರ್ಭಗುಡಿಗೆ ಬರೋಣ. ಪಾರ್ಕಿನ ನಟ್ಟನಡುವೆ, ಯಾರೂ ಕಾಲಿಡಬಾರದ ಹುಲ್ಲಿನ ಮೇಲೆ, ಆರು ಮಕ್ಕಳು ಹಗಲೂ ರಾತ್ರಿ ಆಡುತ್ತಿದ್ದಾರೆ. ಒಬ್ಬ ಬುಗುರಿಗೆ ಚಾಟಿ ಸುತ್ತುತ್ತಿದ್ದಾನೆ. ಇಬ್ಬರು ಹುಡುಗಿಯರದು ಕುಂಟೆಬಿಲ್ಲೆ. ಇನ್ನೊಬ್ಬ ಚಿನ್ನಿದಾಂಡು ಹಿಡಿದಿದ್ದಾನೆ. ಉಳಿದಿಬ್ಬರು ಲಗೋರಿ ಆಡುವವರು, ಒಬ್ಬನ ಕೈಯಲ್ಲಿ ಕೆಂಪು ಚೆಂಡು. ಎಲ್ಲ ಸಿಮೆಂಟು. ಎಲ್ಲರಿಗೂ ಗುಲಾಬಿ ಕೆನ್ನೆ. ಹಳೇ ಕಾಲ ಅಂತ ಗೊತ್ತಾಗಲಿ ಅಂತ ಚಡ್ಡಿಗೆ ತೇಪೆಯನ್ನೂ ಬಿಡಿಸಿದ್ದಾರೆ. ಕೆಳಗೆ ಗ್ರಾನೈಟ್ ಫಲಕ: ‘ಮರೆಯಾಗುತ್ತಿರುವ ನಮ್ಮ ಬಾಲ್ಯದ ಆಟಗಳು’. ಮರೆಯಾಗಿದ್ದು ಹೇಗೆ ಅಂತ ತಿಳಿಯಬೇಕಾದವರು ಗೇಟಿನ ಬೋರ್ಡು ಓದಿಕೊಳ್ಳಬಹುದು.

ಮೊನ್ನೆ ಪಕ್ಕದ ಬೀದಿಯ ಹುಡುಗನೊಬ್ಬ ಚೆಂಡು ಹಿಡಿದು ಬಂದ. ಸೆಕ್ಯೂರಿಟಿಯವರು ಗೇಟಲ್ಲೇ ತಡೆದರು.

“ಬಾಲ್ ಒಳಗೆ ಬಿಡಲ್ಲ ಪುಟ್ಟ.”

“ಅವನ ಹತ್ರ ಇದ್ಯಲ್ಲ ಅಂಕಲ್?”

“ಅದಕ್ಕೆ ಟೆಂಡರ್ ಆಗಿದೆ ಕಣೋ.”

ನಿಜವಾದ ಮಕ್ಕಳಿಗೆ ಅವಕಾಶವೇ ಇಲ್ಲ ಅಂದರೆ ತಪ್ಪಾಗುತ್ತದೆ. ವರ್ಷಕ್ಕೊಮ್ಮೆ, ಮಕ್ಕಳ ದಿನಾಚರಣೆಗೆ, ಸಂಘದವರು ದೇಸಿ ಆಟಗಳ ಸ್ಪರ್ಧೆ ಇಡುತ್ತಾರೆ. ಈ ಸಲ ಲಗೋರಿ ಕಲ್ಲು ಆನ್‌ಲೈನ್‌ನಲ್ಲಿ ಬಂತು. ಮರದ ಸೆಟ್ಟು, ಏಳು ಬಣ್ಣ, ಹೇಗೆ ಆಡಬೇಕು ಅನ್ನೋ ಚೀಟಿ ಬೇರೆ. ಬಣ್ಣ ಹೋಗುತ್ತೆ, ಮೆತ್ತಗೆ ಹೊಡೀರಿ ಅಂತ ಮೈಕಿನಲ್ಲಿ ಹೇಳುತ್ತಿದ್ದರು. ಮುಖ್ಯ ಅತಿಥಿಗಳು ಬರುವವರೆಗೆ ಮಕ್ಕಳು ಸಾಲಾಗಿ ಕೂತಿದ್ದರು. ಅತಿಥಿಗಳು ಬಂದು ಚೆಂಡು ಎಸೆದರು, ತಗುಲಲಿಲ್ಲ. ಫೋಟೊ ತೆಗೆಯುವವನು “ಸರ್, ಇನ್ನೊಂದ್ಸಲ” ಎಂದ. ಅದೂ ತಗುಲಲಿಲ್ಲ. ಕೊನೆಗೆ ಸೆಕ್ರೆಟರಿಯವರೇ ಕೈಯಿಂದ ತಳ್ಳಿ ಬೀಳಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಭಾಷಣ. ಈಗಿನ ಮಕ್ಕಳು ಮೊಬೈಲ್ ಬಿಡಲ್ಲ, ಮನೆಯಿಂದ ಆಚೆಗೇ ಬರಲ್ಲ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಅಮ್ಮನ ಮೊಬೈಲ್‌ನಲ್ಲಿ ಕ್ರಿಕೆಟ್ ಆಡುತ್ತಿದ್ದ. ಅವನನ್ನು ಯಾರೂ ತಡೆಯಲಿಲ್ಲ, ಯಾಕೆಂದರೆ ಸದ್ದು ಬರುತ್ತಿರಲಿಲ್ಲ.

ಆಟದ ದಿನ ಮುಗಿದ ಕೆಲವೇ ದಿನಕ್ಕೆ ಚಿನ್ನಿದಾಂಡು ಹುಡುಗನ ಕೈ ಮುರಿದು ಬಿತ್ತು. ತುರ್ತು ಸಭೆ ಕರೆದರು. ಯಾವನೋ ಪೋಕರಿಯ ಚೆಂಡೇ ತಗುಲಿರಬೇಕು ಅಂತ ಸಿಸಿಟಿವಿ ತೆರೆಸಿದರೆ, ವಾಕಿಂಗ್ ಮುಗಿಸಿದ ಹಿರಿಯರೊಬ್ಬರು ಆ ಕೈಗೆ ಜೋತುಬಿದ್ದು ಸೊಂಟದ ವ್ಯಾಯಾಮ ಮಾಡುತ್ತಿದ್ದರು. ಸಂಘದ ಆಜೀವ ಸದಸ್ಯರು ಅಂತ ವಿಷಯ ಅಲ್ಲಿಗೇ ಬಿಟ್ಟರು. ಆದರೂ ಮುನ್ನೆಚ್ಚರಿಕೆಗೆ ಆ ಆರೂ ಮಕ್ಕಳ ಸುತ್ತ ಕಬ್ಬಿಣದ ಬೇಲಿ ಹಾಕಿಸುವುದು ಅಂತ ತೀರ್ಮಾನವಾಯಿತು.

“ಬೇಲಿಗೆ ಒಂದು ಗೇಟು ಬೇಡ್ವಾ ಸರ್?” ಖಜಾಂಚಿ ಕೇಳಿದರು.

“ಯಾಕ್ರೀ ದಂಡಕ್ಕೆ? ಅವರೇನು ಆಚೆ ಬರ್ತಾರಾ?” ಅಂದರು ನಮ್ಮ ಸಂದಿಯ ಬಿನ್ನಿ.