ಹೆಸರಿಗಷ್ಟೇ ದ್ವಿತೀಯ ಭಾಷೆ

ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ ಅಂತ ಸರ್ಕಾರ ಹೇಳುತ್ತದೆ. ನಾನು ಪಾಠ ಮಾಡುವ ರಾಯಚೂರು ಜಿಲ್ಲೆಯ ಹಳ್ಳಿಯಲ್ಲಿ ಅದು ಪೂರ್ತಿ ಪರದೇಶದ ಭಾಷೆ.

ನ್ಯೂಜೆರ್ಸಿಗೆ ಹೋದ ಕನ್ನಡದ ಮಗುವಿಗೆ ಆಟದ ಬಯಲಲ್ಲಿ, ಅಂಗಡಿಯಲ್ಲಿ, ಶಾಲೆ ಬಸ್ಸಿನಲ್ಲಿ ಇಂಗ್ಲಿಷೇ ಕೇಳಿಸುತ್ತದೆ. ಟೀಚರ್ ಸ್ವಲ್ಪ ಕೈಹಿಡಿದರೆ ಸಾಕು, ಉಳಿದದ್ದನ್ನು ಬೀದಿಯೇ ಕಲಿಸುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಮಕ್ಕಳದ್ದೂ ಹೆಚ್ಚುಕಡಿಮೆ ಇದೇ ಕತೆ. ನಮ್ಮ ಮಕ್ಕಳಿಗೆ ಇರುವುದು ದಿನಕ್ಕೆ ಒಂದು ಪೀರಿಯಡ್. ಬೆಲ್ ಹೊಡೆದರೆ ಮರುದಿನದವರೆಗೆ ಒಂದು ಇಂಗ್ಲಿಷ್ ವಾಕ್ಯವೂ ಕಿವಿಗೆ ಬೀಳುವುದಿಲ್ಲ. 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂತು, ಒಳ್ಳೆಯದೇ ಆಯಿತು. ಆದರೆ ಬೇಗ ಶುರು ಮಾಡಿದ ಮಾತ್ರಕ್ಕೆ ಕಲಿಕೆ ಆಗಿಬಿಡುವುದಿಲ್ಲ, ಅಲ್ವಾ?

ಕೊನೆಗೆ ನಾವು ಮೊರೆಹೋಗುವುದು ಪಾಸಿಂಗ್ ಪ್ಯಾಕೇಜಿಗೆ, ಅಂದರೆ ಪಾಸಾಗಲು ಬೇಕಾದಷ್ಟನ್ನೇ ಕಲಿಸುವುದಕ್ಕೆ. ಒಂದು ಪದ್ಯ ಬಾಯಿಪಾಠ, ಒಂದು ಪತ್ರದ ನಮೂನೆ, ಒಬ್ಬ ವ್ಯಕ್ತಿಯ ಪರಿಚಯ ಬರೆಯುವ ಒಂದು ಪ್ರೊಫೈಲ್. ಚಿತ್ರ ನೋಡಿ ಬರೆಯಿರಿ ಅಂದರೆ ಚಿತ್ರದಲ್ಲಿ ಸಂತೆ ಇರಲಿ, ನೆರೆ ಬಂದ ಊರಿರಲಿ, ಮೊದಲ ಸಾಲು 'ದಿಸ್ ಈಸ್ ಎ ಬ್ಯೂಟಿಫುಲ್ ಪಿಕ್ಚರ್'. ಮುತ್ತಿನಂಥ ಅಕ್ಷರದಲ್ಲಿ ಇಷ್ಟೆಲ್ಲ ಬರೆದ ಹುಡುಗಿಗೆ 'ವೇರ್ ಈಸ್ ಯುವರ್ ಬ್ರದರ್?' ಅಂತ ಕೇಳಿ ನೋಡಿ. ಪಕ್ಕದವಳ ಮುಖ ನೋಡುತ್ತಾಳೆ. ಅವಳು ದಡ್ಡಿಯಲ್ಲ. ಆ ಮಾತನ್ನು ಅವಳಿಗೆ ಇದುವರೆಗೆ ಯಾರೂ ನಿಜವಾಗಿ ಕೇಳಿಲ್ಲ, ಅಷ್ಟೇ.

ಇದಕ್ಕೆ ದಾರಿ ನಮ್ಮ ನೆಲದಲ್ಲೇ ಹುಡುಕಿದ್ದರು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಮಾಮೂಲಿ ಶಾಲೆಗಳಲ್ಲಿ ಬೇರೆ ಥರ ಪಾಠ ಮಾಡಿಸಿದರು. ಜಗತ್ತಿನ ಇಂಗ್ಲಿಷ್ ಟೀಚರುಗಳು ಅದನ್ನು 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಕರೆಯುತ್ತಾರೆ. ವ್ಯಾಕರಣ ಪಾಠ ಇಲ್ಲ. ಮಕ್ಕಳ ಮುಂದೆ ಒಂದು ನಕ್ಷೆ ಅಥವಾ ರೈಲಿನ ವೇಳಾಪಟ್ಟಿ. ಮೊದಲು ಟೀಚರ್ ಇಡೀ ಕ್ಲಾಸಿನ ಜೊತೆ ಅದರ ಮೇಲೆ ಒಂದು ಸಮಸ್ಯೆ ಬಿಡಿಸುತ್ತಾರೆ, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳೇ ಬಿಡಿಸಬೇಕು. ಗಮನವೆಲ್ಲ ಉತ್ತರದ ಮೇಲೆ, ಭಾಷೆ ತಾನಾಗಿ ಒಳಗಿಳಿಯುತ್ತದೆ.

ನಾನು ಲಿಂಗಸೂಗೂರು ಬಸ್ಸಿನ ಟೈಮ್ ಬೋರ್ಡಿನ ಮೇಲೆ ಬರೆದು ಇದನ್ನೇ ಮಾಡುತ್ತೇನೆ. ಹತ್ತಕ್ಕೆ ಆಸ್ಪತ್ರೆಯಲ್ಲಿರಬೇಕು, ಯಾವ ಬಸ್ ಹಿಡಿಯಬೇಕು? ಪ್ರಶ್ನೆ ಇಂಗ್ಲಿಷಿನಲ್ಲಿ. ತಿಳಿಯದಿದ್ದರೆ ಕನ್ನಡದಲ್ಲೂ ಒಂದು ಸಲ ಹೇಳುತ್ತೇನೆ, ಅದರಲ್ಲಿ ತಪ್ಪೇನೂ ಇಲ್ಲ. ಹಿಂದಿನ ಬೆಂಚಿನಿಂದ 'ನೈನ್ ಫಿಫ್ಟೀನ್ ಬಸ್, ಟೀಚರ್' ಅಂತ ಬರುತ್ತದೆ. 'ನೋ ಟೀಚರ್, ಲೇಟ್!' ಅಂತ ಇನ್ನೊಬ್ಬ ಕೂಗುತ್ತಾನೆ. ಜಗಳವೇ ಶುರು, ಅದೂ ಇಂಗ್ಲಿಷಿನಲ್ಲಿ!

ಆದರೆ ಡಿಸೆಂಬರ್ ಬಂದರೆ ಇದೆಲ್ಲ ನಿಲ್ಲಿಸಬೇಕು. ಫಲಿತಾಂಶ ಕಡಿಮೆಯಾದರೆ ಉತ್ತರ ಕೊಡಬೇಕಾದವರು ನಾವು. ಹಾಗಾಗಿ ನನ್ನ ಬೇಡಿಕೆ ಇಷ್ಟು. 20 ಆಂತರಿಕ ಅಂಕಗಳಲ್ಲಿ ಅರ್ಧವನ್ನಾದರೂ ಕೇಳಿಸಿಕೊಂಡು ಮಾತಾಡುವುದಕ್ಕೆ ಇಡಿ. 80 ಅಂಕದ ಪ್ರಶ್ನೆಪತ್ರಿಕೆಯಲ್ಲಿ ಬಾಯಿಪಾಠಕ್ಕೆ ಸಿಗದ ಪ್ರಶ್ನೆ ಜಾಸ್ತಿ ಮಾಡಿ. ಹಳ್ಳಿ ಶಾಲೆಗಳಿಗೆ ಕೇಳಿಸಿಕೊಳ್ಳುವುದಕ್ಕೆಂದೇ ವಾರಕ್ಕೆ ಎರಡು ಪೀರಿಯಡ್ ಹೆಚ್ಚು ಕೊಡಿ. ಆಮೇಲೆ ನಮ್ಮನ್ನು ಫಲಿತಾಂಶ ಕೇಳಿ.