ಕಿವಿ ಇದ್ದರೂ ಸ್ವರಲಿಪಿ ಬೇಕು

"ನಿಮ್ಮ ಕಿವಿ ಅಷ್ಟು ಚುರುಕಾಗಿದೆ, ಒಮ್ಮೆ ಕೇಳಿದರೆ ನುಡಿಸಿಬಿಡ್ತೀರಿ. ಈ ಸ್ವರಲಿಪಿಯ ಗೋಜೆಲ್ಲ ನಿಮಗ್ಯಾಕೆ?" ಕಣ್ಣು ಕಾಣದ ನಮ್ಮಂಥ ಸಂಗೀತಗಾರರಿಗೆ ಈ ಮಾತು ಯಾವಾಗಲೂ ಹೊಗಳಿಕೆಯಾಗಿಯೇ ಬರುತ್ತದೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ ಎಂದು ಗೊತ್ತು. ಆದರೂ ನಾನು ಇದನ್ನು ಒಪ್ಪುವುದಿಲ್ಲ. ಓದಲು ಬಾರದವರಿಗೆ "ಯಾರಾದರೂ ಓದಿ ಹೇಳ್ತಾರೆ ಬಿಡಿ" ಎಂದ ಹಾಗಾಯಿತು ಇದು. ಸ್ವರಲಿಪಿಯನ್ನು, ಅಂದರೆ ಹಾಳೆಯ ಮೇಲೆ ಗುರುತುಗಳಲ್ಲಿ ಬರೆದಿಟ್ಟ ಸಂಗೀತವನ್ನು, ಓದುವುದು, ಬರೆಯುವುದು ಎರಡೂ ನನಗೆ ಬೇಕು, ಯಾರ ಹಂಗೂ ಇಲ್ಲದೆ ಬೇಕು.

ಕಿವಿಗೆ ಸಿಗುವುದು ಒಬ್ಬ ಕಲಾವಿದ ಆ ಹೊತ್ತಿನಲ್ಲಿ ನುಡಿಸಿದ ರೀತಿ. ಸಾಲಿನ ಕೊನೆಯಲ್ಲಿ ವೇಗ ತಗ್ಗಿತಲ್ಲ, ಅದು ಸಂಯೋಜಕ ಬರೆದದ್ದೋ ಅಥವಾ ನುಡಿಸಿದವರ ಮನೋಧರ್ಮವೋ? ಧ್ವನಿಮುದ್ರಣ ಎಷ್ಟು ಸಲ ಕೇಳಿದರೂ ಗೊತ್ತಾಗುವುದಿಲ್ಲ. ಪಿಯಾನೊದಲ್ಲಿ ಎಫ್ ಶಾರ್ಪ್‌ಗೂ (ಎಫ್‌ಗಿಂತ ಅರ್ಧ ಸ್ವರ ಮೇಲೆ) ಜಿ ಫ್ಲಾಟ್‌ಗೂ (ಜಿಗಿಂತ ಅರ್ಧ ಸ್ವರ ಕೆಳಗೆ) ಇರುವುದು ಒಂದೇ ಕಪ್ಪು ಕೀ. ಹಾಳೆಯ ಮೇಲೆ ಮಾತ್ರ ಅವು ಬೇರೆ ಬೇರೆ. ಶಾರ್ಪ್ ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದರ ಸೆಳೆತ ಮೇಲಿನ ಸ್ವರದ ಕಡೆಗೆ, ಫ್ಲಾಟ್ ಎಂದಿದ್ದರೆ ಕೆಳಗಿನದರ ಕಡೆಗೆ. ಹಾಡುವವರಿಗೆ, ಪಿಟೀಲು ನುಡಿಸುವವರಿಗೆ ಈ ಸೂಚನೆಯ ಬೆಲೆ ಗೊತ್ತು. ಹತ್ತು ವಾದ್ಯ ಒಟ್ಟಿಗೆ ಮೊಳಗುವಾಗ ನಡುವಿನ ಒಂದು ಸ್ವರವನ್ನು ಹಿಡಿದಿರುವವರು ಯಾರು ಎಂಬುದನ್ನೂ ಹಾಳೆಯೇ ಹೇಳಬೇಕು.

ಅಂಧರು ಬೆರಳಿನಿಂದ ಓದುವ ಚುಕ್ಕೆಲಿಪಿಯನ್ನು ರೂಪಿಸಿದ ಲೂಯಿ ಬ್ರೈಲ್‌ಗೆ ಇದು ಗೊತ್ತಿತ್ತು, ಆತ ಸ್ವತಃ ಆರ್ಗನ್ ವಾದಕ. 1829ರಲ್ಲಿ ಆತ ಪ್ರಕಟಿಸಿದ ಪುಸ್ತಕದಲ್ಲೇ ಅಕ್ಷರಗಳ ಜೊತೆಗೆ ಸಂಗೀತವನ್ನೂ ಚುಕ್ಕೆಗಳಲ್ಲಿ ಬರೆಯುವ ವಿಧಾನವಿತ್ತು. ಅಕ್ಷರಕ್ಕೂ ಸ್ವರಕ್ಕೂ ಅವೇ ಆರು ಚುಕ್ಕೆಗಳು. ಈಗ ಬಳಕೆಯಲ್ಲಿರುವ ಪದ್ಧತಿಯಲ್ಲಿ ಇಂಗ್ಲಿಷಿನ ಡಿಯಿಂದ ಜೆವರೆಗಿನ ಅಕ್ಷರಗಳ ಗುರುತುಗಳೇ ಸಿಯಿಂದ ಬಿವರೆಗಿನ ಏಳು ಸ್ವರಗಳಾಗುತ್ತವೆ. ಹಾಗೇ ಬಿಟ್ಟರೆ ಎಂಟನೇ ಒಂದರ ಕಾಲಮಾನ, ಆರನೇ ಚುಕ್ಕೆ ಸೇರಿಸಿದರೆ ಅದರ ಎರಡರಷ್ಟು ಕಾಲದ ಕ್ವಾರ್ಟರ್ ನೋಟ್, ಮೂರನೆಯದನ್ನು ಸೇರಿಸಿದರೆ ನಾಲ್ಕರಷ್ಟು ಕಾಲದ ಹಾಫ್ ನೋಟ್. ಮುದ್ರಿತ ಸ್ವರಲಿಪಿ ಮೇಲೆ ಕೆಳಗೆ ಹರಡಿಕೊಂಡಿರುತ್ತದೆ. ಬ್ರೈಲ್‌ನಲ್ಲಿ ಶಾರ್ಪ್, ಆಕ್ಟೇವ್ (ಸ್ಥಾಯಿ), ಸ್ವರ, ಬೆರಳಿನ ಸಂಖ್ಯೆ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಎರಡೂ ಕೈ ವಾದ್ಯದ ಮೇಲಿದ್ದರೆ ಓದಲು ಬೆರಳು ಉಳಿಯುವುದಿಲ್ಲ. ಹಾಗಾಗಿ ನಾಲ್ಕಾರು ಬಾರ್ (ಲಯದ ಪ್ರಕಾರ ಸಂಗೀತವನ್ನು ವಿಭಜಿಸಿದ ಸಣ್ಣ ಭಾಗಗಳು) ಓದಿ, ಬಾಯಿಪಾಠ ಮಾಡಿಕೊಂಡು, ನುಡಿಸಿ, ಮುಂದಕ್ಕೆ ಹೋಗಬೇಕು. ನಿಧಾನದ ಕೆಲಸವೇ. ಆದರೆ ಹಾಗೆ ಕಲಿತದ್ದು ಮರೆಯುವುದಿಲ್ಲ.

ಓದಿಗೆ ಹೀಗೆ ದಾರಿಯಾಯಿತು. ಬರೆಯುವುದಕ್ಕೆ? ಬ್ರೈಲ್‌ನಲ್ಲಿ ಬರೆದದ್ದನ್ನು ಕಣ್ಣಿರುವ ವಾದಕರು ಓದಲಾರರು. ಸ್ಪೇನ್‌ನ ಸಂಯೋಜಕ ಹೊವಾಕಿನ್ ರೋಡ್ರಿಗೊ ಮೂರನೇ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡವರು. 1939ರಲ್ಲಿ ಅವರು ರಚಿಸಿದ ಗಿಟಾರ್ ಕಾನ್ಚೆರ್ಟೊ (ಆರ್ಕೆಸ್ಟ್ರಾ ಜೊತೆ ಗಿಟಾರ್ ನುಡಿಸುವ ಕೃತಿ) ಇಂದು ಜಗತ್ತಿಗೆಲ್ಲ ಗೊತ್ತು. ಅವರು ಬ್ರೈಲ್‌ನಲ್ಲಿ ಬರೆದುಕೊಳ್ಳುತ್ತಿದ್ದರು, ಆಮೇಲೆ ಇನ್ನೊಬ್ಬರಿಗೆ ಸ್ವರ ಸ್ವರವಾಗಿ ಹೇಳಿ ಬರೆಸುತ್ತಿದ್ದರು. ಇಡೀ ಆರ್ಕೆಸ್ಟ್ರಾದ ಒಂದೊಂದು ವಾದ್ಯದ ಒಂದೊಂದು ಸ್ವರವನ್ನೂ ಹೀಗೆ ಬಾಯಲ್ಲಿ ಹೇಳುವ ತಾಳ್ಮೆ ಎಂಥದ್ದಿರಬೇಕು! ಬರೆದುಕೊಳ್ಳುವವರು ಸಿಗದ ಎಷ್ಟು ಜನರ ಸಂಗೀತ ಅವರೊಂದಿಗೇ ಹೋಯಿತೋ ಎಂದು ನೆನೆದರೆ ಸಂಕಟವಾಗುತ್ತದೆ.

ಇವತ್ತು ಆ ಕೆಲಸವನ್ನು ನಾನೇ ಕುಳಿತು ಮಾಡಬಹುದು. ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್ ತಂತ್ರಾಂಶ ಉಚಿತ, ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಕೂಡ ಉಚಿತ. ಎನ್ ಒತ್ತಿ ಬರೆಯುವ ಸ್ಥಿತಿಗೆ ಹೋಗುತ್ತೇನೆ, 5 ಒತ್ತಿದರೆ ಕ್ವಾರ್ಟರ್ ನೋಟ್, ಆಮೇಲೆ ಸ್ವರದ ಅಕ್ಷರ ಒತ್ತಿದರೆ ಆಯಿತು. ಬಾಣದ ಕೀಲಿಯಲ್ಲಿ ಹಿಂದೆ ಮುಂದೆ ಸರಿದರೆ ಯಾವ ಸ್ವರ, ಎಷ್ಟು ಕಾಲ, ಯಾವ ಬಾರ್, ಯಾವ ಬೀಟ್ ಎಂದು ಹೇಳುತ್ತದೆ. 2023ರ 4.1 ಆವೃತ್ತಿಯಿಂದ ಬರೆದದ್ದು ಆಗಲೇ ಬ್ರೈಲ್ ಸಂಗೀತವಾಗಿಯೂ ಸಿಗುತ್ತಿದೆ. ಚುಕ್ಕೆಗಳನ್ನು ಬೆರಳಿಗೆ ಸಿಗುವಂತೆ ಉಬ್ಬಿಸುವ ಬ್ರೈಲ್ ಡಿಸ್‌ಪ್ಲೇ ಇದ್ದವರಿಗೆ ಇದೊಂದು ವರ. ಯಾಕೆಂದರೆ ಸ್ಕ್ರೀನ್ ರೀಡರ್ ಮಾತಾಡುವಾಗಲೇ ಸ್ವರವೂ ಮೊಳಗಿದರೆ ಎರಡೂ ಕಲಸಿಹೋಗುತ್ತವೆ. ಬೆರಳಿನಲ್ಲಿ ಓದುತ್ತಿದ್ದರೆ ಕಿವಿ ಸಂಗೀತಕ್ಕೆ ಬಿಡುವಾಗಿರುತ್ತದೆ.

ಲಿಲಿಪಾಂಡ್ ಎಂಬ ಇನ್ನೊಂದು ಸ್ವರಲಿಪಿ ತಂತ್ರಾಂಶದ ದಾರಿಯೇ ಬೇರೆ. ಅಲ್ಲಿ ಇಡೀ ಕೃತಿಯನ್ನು ಸಾದಾ ಪಠ್ಯವಾಗಿ ಟೈಪ್ ಮಾಡುವುದು. ಯಾವ ಪಠ್ಯ ಸಂಪಾದಕವಾದರೂ ಸಾಕು. ತಪ್ಪಿದ್ದರೆ ಯಾವ ಸಾಲಿನಲ್ಲಿ ಎಂದು ಅದೇ ತಿಳಿಸುತ್ತದೆ, ಹಾಳೆಯ ಮೇಲೆ ಗುರುತುಗಳು ಒಂದಕ್ಕೊಂದು ತಾಗದ ಹಾಗೆ ಜೋಡಿಸುವ ಹೊಣೆಯನ್ನೂ ಅದೇ ಹೊರುತ್ತದೆ. ಅಂಧರಿಗೆಂದೇ ಮಾಡಿದ್ದಲ್ಲದ ಈ ತಂತ್ರಾಂಶ ನಮಗೆ ಇಷ್ಟು ಚೆನ್ನಾಗಿ ಒಗ್ಗಿದ್ದನ್ನು ತಂತ್ರಾಂಶ ರೂಪಿಸುವವರೆಲ್ಲ ಗಮನಿಸಬೇಕು. ಪರದೆಯ ಮೇಲಿನ ಚಿತ್ರವನ್ನು ಮಾತಾಗಿ ತಿರುಗಿಸುವ ಕಷ್ಟವೇ ಅಲ್ಲಿಲ್ಲ.

ಈಗ ನನ್ನ ತಕರಾರು. "ನಮ್ಮ ತಂತ್ರಾಂಶ ಸ್ಕ್ರೀನ್ ರೀಡರ್‌ನೊಂದಿಗೆ ಕೆಲಸ ಮಾಡುತ್ತದೆ" ಎಂದು ಬರೆದುಕೊಂಡರೆ ಸಾಲದು. ಮೊದಲು ಯಾವುದನ್ನು ಹೇಳುತ್ತದೆ ಎನ್ನುವುದು ಮುಖ್ಯ. ನಾವು ಮಾತನ್ನು ಪೂರ್ತಿ ಕೇಳುತ್ತ ಕೂರುವುದಿಲ್ಲ, ಬೇಕಾದ್ದು ಕಿವಿಗೆ ಬಿದ್ದ ಕೂಡಲೇ ಮುಂದಿನ ಕೀಲಿ ಒತ್ತಿರುತ್ತೇವೆ. ಸ್ವರದ ಹೆಸರು ಮೊದಲು ಬಂದರೆ ಒಂದು ಪುಟವನ್ನು ಸರಸರನೆ ದಾಟಬಹುದು. ಪ್ರತಿ ಸಲವೂ ಬಾರ್ ಸಂಖ್ಯೆ, ವಾದ್ಯದ ಹೆಸರು ಎಲ್ಲ ಹೇಳಿ ಮುಗಿಸಿ ಕೊನೆಗೆ ಸ್ವರ ಹೇಳಿದರೆ ಅದೇ ಪುಟ ದಿನವನ್ನೇ ನುಂಗುತ್ತದೆ. ಇನ್ನೊಂದು, ಹೊಸ ಆವೃತ್ತಿಗಳ ಕಾಟ. ನಾನು ಬಳಸುತ್ತಿದ್ದ ಒಂದು ತಂತ್ರಾಂಶ ಅಪ್‌ಡೇಟ್ ಆದ ಮೇಲೆ, ಅದುವರೆಗೆ ಹೆಸರು ಹೇಳುತ್ತಿದ್ದ ಬಟನ್‌ಗಳೆಲ್ಲ ಬರೀ "ಬಟನ್, ಬಟನ್" ಎನ್ನತೊಡಗಿದವು. ನೋಡುವವರಿಗೆ ಪರದೆ ಮೊದಲಿಗಿಂತ ಚೆನ್ನಾಗಿ ಕಂಡಿರಬಹುದು. ಬಿಡುಗಡೆಗೆ ಮುಂಚೆ ಒಬ್ಬ ಅಂಧ ಸಂಗೀತಗಾರರ ಕೈಗೆ ಕೊಟ್ಟಿದ್ದರೂ ಸಾಕಿತ್ತು.

ಯಾರೂ ಹೆಚ್ಚು ಮಾತಾಡದ ಒಂದು ವಿಷಯವೆಂದರೆ ಪುಟ ತಿರುಗಿಸುವ ಜಾಗ. ಒಳ್ಳೆಯ ಸ್ವರಲಿಪಿಯಲ್ಲಿ ಬಲಪುಟದ ಕೊನೆಗೆ ವಾದಕರಿಗೆ ಸ್ವಲ್ಪ ವಿರಾಮ ಸಿಗಬೇಕು, ಇಲ್ಲದಿದ್ದರೆ ಹಾಳೆ ತಿರುಗಿಸುವುದಕ್ಕೆ ಕೈ ಎಲ್ಲಿದೆ? ನಾನು ಬರೆದ ಸ್ವರಗಳೆಲ್ಲ ಸರಿಯಿವೆ ಎಂದು ಖಾತ್ರಿ ಮಾಡಿಕೊಳ್ಳಬಲ್ಲೆ. ಪುಟ ಎಲ್ಲಿ ಮುರಿಯಿತು, ಹಾಡಿನ ಸಾಹಿತ್ಯ ಇಕ್ಕಟ್ಟಾಗಿ ಕೂತಿದೆಯೇ ಎಂದು ತಿಳಿಯಲು ಮಾತ್ರ ಕಣ್ಣಿರುವ ಗೆಳೆಯರನ್ನು ಕೇಳುತ್ತೇನೆ. "ಈ ಪುಟ 24ನೇ ಬಾರ್‌ಗೆ ಮುಗಿಯುತ್ತದೆ, ಅಲ್ಲಿ ವಿರಾಮವಿಲ್ಲ" ಎಂದು ತಂತ್ರಾಂಶವೇ ಹೇಳಬಲ್ಲದು. ಆ ಮಾಹಿತಿ ಅದರ ಹೊಟ್ಟೆಯಲ್ಲೇ ಇದೆ. ಕೃತಿಯನ್ನು ನನ್ನ ಹೆಸರಿನಲ್ಲಿ ಕಳಿಸುವಾಗ ಅದು ಹಾಳೆಯ ಮೇಲೆ ಹೇಗಿದೆ ಎಂದು ನನಗೂ ಗೊತ್ತಿರಬೇಕಲ್ಲವೇ?

ಇನ್ನು ಓದುವ ನಿಮ್ಮೆಲ್ಲರಲ್ಲಿ, ಅದರಲ್ಲೂ ಗಾಯನವೃಂದ ನಡೆಸುವವರಲ್ಲಿ, ಸಂಗೀತ ಕಲಿಸುವವರಲ್ಲಿ ಒಂದು ಕೋರಿಕೆ. ಪಿಡಿಎಫ್ ಮಾತ್ರ ಕಳಿಸಬೇಡಿ. ಅದರಲ್ಲಿರುವುದು ಸ್ವರಗಳ ಚಿತ್ರ, ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಸ್ವರ ಕಾಣುವುದಿಲ್ಲ. ಚಿತ್ರದಿಂದ ಸ್ವರ ಗುರುತಿಸುವ ತಂತ್ರಾಂಶಗಳಿವೆ, ಅವು ತಪ್ಪುತ್ತವೆ. ಆ ತಪ್ಪನ್ನು ಹಿಡಿಯಲು ಮತ್ತೆ ಮೂಲ ಹಾಳೆಯನ್ನು ನೋಡಬೇಕು, ನೋಡಲಾಗದ್ದೇ ನಮ್ಮ ತೊಡಕು. 2013ರ ಮರಕೇಶ್ ಅಂತರರಾಷ್ಟ್ರೀಯ ಒಪ್ಪಂದ ಅಂಧರಿಗೆ ಓದಲು ಬರುವ ರೂಪದಲ್ಲಿ ಕೃತಿಗಳನ್ನು ಒದಗಿಸುವ ಬಗ್ಗೆ ಹೇಳುವಾಗ ಪಠ್ಯದ ಜೊತೆಗೆ ಸ್ವರಲಿಪಿಯಂಥ ಸಂಕೇತಲಿಪಿಯನ್ನೂ ಸೇರಿಸಿಕೊಂಡಿದೆ. ಕಾನೂನು ಅಷ್ಟು ದೂರ ಬಂದಿದೆ, ನೀವು ಒಂದು ಹೆಜ್ಜೆ ಬಂದರೆ ಸಾಕು. ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ಫೈಲ್ ರೂಪವಿದೆ. ಮುಖ್ಯ ತಂತ್ರಾಂಶಗಳೆಲ್ಲ ಅದನ್ನು ತೆರೆಯುತ್ತವೆ, ಅದರಿಂದ ಬ್ರೈಲ್ ಕೂಡ ಮಾಡಿಕೊಳ್ಳಬಹುದು. 2024ರ ಆಗಸ್ಟ್‌ನಲ್ಲಿ ಫಿನಾಲೆ ಎಂಬ ಸ್ವರಲಿಪಿ ತಂತ್ರಾಂಶದ ಅಭಿವೃದ್ಧಿ ನಿಂತಾಗ ಕಣ್ಣಿರುವವರೂ ತಮ್ಮ ಹಳೆಯ ಕೃತಿಗಳನ್ನು ಬೇರೆಡೆಗೆ ಸಾಗಿಸಲು ಇದನ್ನೇ ನೆಚ್ಚಿಕೊಂಡರು. ಹಾಗಾಗಿ ಇದು ಬರೀ ನಮಗಾಗಿ ಮಾಡುವ ಉಪಕಾರವೂ ಅಲ್ಲ. ಮುಂದಿನ ಸಲ ಅಭ್ಯಾಸಕ್ಕೆ ಹಾಳೆ ಕಳಿಸುವಾಗ ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ಗೆ ಹೋಗಿ ಮ್ಯೂಸಿಕ್‌ಎಕ್ಸ್‌ಎಂಎಲ್ ಆರಿಸಿ, ಪಿಡಿಎಫ್ ಜೊತೆಗೆ ಅದನ್ನೂ ಲಗತ್ತಿಸಿ. ಎಲ್ಲರ ಜೊತೆಗೇ ನಾನೂ ಅಭ್ಯಾಸ ಶುರುಮಾಡುತ್ತೇನೆ.