ನಾಲ್ಕು ದೇಹರಸಗಳ ಸಿದ್ಧಾಂತ ವ್ಯಕ್ತಿತ್ವ ವಿಜ್ಞಾನಕ್ಕೆ ಬುನಾದಿಯೇ?

ಪರ

ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳಿವೆ ಎಂದದ್ದು ಹಿಪೊಕ್ರೆಟಿಸ್ ಪರಂಪರೆಯ ಗ್ರೀಕ್ ವೈದ್ಯರು. ಕ್ರಿ.ಶ. 2ನೇ ಶತಮಾನದಲ್ಲಿ ವೈದ್ಯ ಗ್ಯಾಲೆನ್ ಅದನ್ನು ಬೆಳೆಸಿದ. ರಕ್ತ ಹೆಚ್ಚಿದವನು ಉಲ್ಲಾಸಿ, ಹಳದಿ ಪಿತ್ತದವನು ಮುಂಗೋಪಿ, ಕಪ್ಪು ಪಿತ್ತದವನು ವಿಷಾದಿ, ಕಫದವನು ನಿಧಾನಿ ಎಂಬ ವಿಂಗಡಣೆ ಈ ಮೂಲದಿಂದ ಬಂತು. (ಆಯುರ್ವೇದದ ತ್ರಿದೋಷದೊಡನೆ ಇದನ್ನು ಬೆರೆಸಬಾರದು, ಆ ಮೂರರಲ್ಲಿ ವಾತವಿದೆ, ರಕ್ತವಿಲ್ಲ.)

ದೈವ, ಭೂತಗಳನ್ನು ಬದಿಗಿಟ್ಟು ಸ್ವಭಾವದ ಕಾರಣವನ್ನು ದೇಹದಲ್ಲೇ ಹುಡುಕಿದ್ದು ಸಣ್ಣ ಸಾಧನೆಯಲ್ಲ. 19ನೇ ಶತಮಾನದಲ್ಲಿ ಜರ್ಮನ್ ಮನೋವಿಜ್ಞಾನಿ ವುಂಟ್ ರಸಗಳನ್ನು ಕೈಬಿಟ್ಟು ಎರಡು ಪ್ರಶ್ನೆಗಳನ್ನು ಇಟ್ಟ: ಭಾವನೆ ಎಷ್ಟು ತೀವ್ರ, ಎಷ್ಟು ಬೇಗ ಬದಲಾಗುತ್ತದೆ? ತೀವ್ರವೂ ಚುರುಕೂ ಆದರೆ ಮುಂಗೋಪಿ. ತೀವ್ರ, ಆದರೆ ನಿಧಾನವಾದರೆ ವಿಷಾದಿ. ದುರ್ಬಲ, ಚುರುಕಾದರೆ ಉಲ್ಲಾಸಿ. ಎರಡೂ ಕಡಿಮೆಯಾದರೆ ನಿಧಾನಿ. ಹೀಗೆ ಪೆಟ್ಟಿಗೆಗಳು ಅಳತೆಗೋಲುಗಳಾದವು. ಮುಂದೆ ಮನೋವಿಜ್ಞಾನಿ ಐಸೆಂಕ್ ಬಹಿರ್ಮುಖತೆ (ಜನರೊಡನೆ ಬೆರೆಯುವ ಒಲವು) ಮತ್ತು ಭಾವಾಸ್ಥಿರತೆಯ (ಭಾವನೆ ಬೇಗ ಕದಡುವ ಸ್ವಭಾವ) ಅಕ್ಷಗಳನ್ನು ಎಳೆದಾಗಲೂ ಅದೇ ನಾಲ್ವರು ನಾಲ್ಕು ಮೂಲೆಗಳಲ್ಲಿ ಕೂತರು. ಗಮನಿಸಿ ಬರೆದದ್ದರಲ್ಲಿ ಹುರುಳಿತ್ತು; ತಪ್ಪಿದ್ದು ಕಾರಣ ಮಾತ್ರ.

ವಿರೋಧ

ಕಾರಣ ತಪ್ಪಿದ್ದೇ ದೊಡ್ಡ ತಪ್ಪು. ಗುಲ್ಮದಲ್ಲಿ (ಸ್ಪ್ಲೀನ್) ಸೇರುತ್ತದೆಂದು ನಂಬಿದ್ದ ಕಪ್ಪು ಪಿತ್ತವೆಂಬ ಪ್ರತ್ಯೇಕ ದ್ರವ ದೇಹದಲ್ಲಿ ಇಲ್ಲವೇ ಇಲ್ಲ. ಆದರೂ ರಸ ಹೆಚ್ಚಾಗಿದೆಯೆಂದು ರಕ್ತ ಹರಿಸಿದರು, ಭೇದಿ ಮಾಡಿಸಿದರು. ರೋಗಿ ಗುಣವಾದರೆ ರಸ ಸಮವಾಯಿತು, ಆಗದಿದ್ದರೆ ಇನ್ನೂ ಏರುಪೇರಿದೆ ಎಂದರಾಯಿತು. ಸಿದ್ಧಾಂತ ಸೋಲುವ ಬಾಗಿಲೇ ಇರಲಿಲ್ಲ.

ಗ್ಯಾಲೆನ್‌ನದು ಅಚ್ಚುಕಟ್ಟಾದ ನಾಲ್ಕು ಮನೋಧರ್ಮಗಳೆಂಬ ಚಿತ್ರವೂ ಸರಿಯಲ್ಲ. ಅವನು ಹೇಳಿದ್ದು ಬಿಸಿ-ತಂಪು, ಒಣ-ತೇವಗಳ ಒಂಬತ್ತು ಮಿಶ್ರಣಗಳನ್ನು. ಅವು ಮುಖ್ಯವಾಗಿ ದೇಹಸ್ಥಿತಿಗೆ ಸಂಬಂಧಿಸಿದವು.

ಐಸೆಂಕ್‌ನ ಅಕ್ಷಗಳು ರಸಗಳಿಂದ ಹುಟ್ಟಲಿಲ್ಲ. 1947ರಲ್ಲಿ ಪ್ರಕಟವಾದ ಅವನ ಕೆಲಸಕ್ಕೆ ಆಧಾರವಾದದ್ದು ಸುಮಾರು 700 ಸೈನಿಕ ರೋಗಿಗಳ ಲಕ್ಷಣಗಳ ಅಂಶ ವಿಶ್ಲೇಷಣೆ, ಅಂದರೆ ಒಟ್ಟಿಗೆ ಕಾಣುವ ಲಕ್ಷಣಗಳನ್ನು ಗುಂಪುಮಾಡುವ ಗಣಿತ ವಿಧಾನ. ಹಳೆಯ ಹೆಸರುಗಳನ್ನು ಆಮೇಲೆ ಅಂಟಿಸಿದ್ದು.

ಪೆಟ್ಟಿಗೆಯ ಅಪಾಯವನ್ನು ಅವನ 57 ಪ್ರಶ್ನೆಗಳ ಪ್ರಶ್ನಾವಳಿಯಲ್ಲೇ ನೋಡಬಹುದು. ಬಹಿರ್ಮುಖತೆಗೆ 24, ಭಾವಾಸ್ಥಿರತೆಗೆ 24, ಸುಳ್ಳು ಉತ್ತರ ಹಿಡಿಯಲು 9. ಬಹಿರ್ಮುಖತೆಯಲ್ಲಿ 12ಕ್ಕೆ ಗೆರೆ ಎಳೆದರೆ 11 ಮತ್ತು 13 ಅಂಕದವರು ಬೇರೆ ಬೇರೆ ಜಾತಿಯವರಾಗುತ್ತಾರೆ, 13 ಮತ್ತು 23ರವರು ಒಂದೇ ಆಗುತ್ತಾರೆ. ಹೆಚ್ಚಿನ ಜನ ಇರುವುದು ನಡುವೆಯೇ. ಹಾಗಾಗಿ ಗೆರೆ ಬೀಳುವುದು ಅತಿ ಹೆಚ್ಚು ಮಂದಿ ಗುಂಪುಗೂಡಿರುವ ಕಡೆ, ಒಂದೆರಡು ಉತ್ತರ ಬದಲಾದರೂ ಸಾಕು, ವ್ಯಕ್ತಿಯ ‘ಬಗೆ’ಯೇ ಬದಲಾಗುತ್ತದೆ. ವಿದ್ಯಾರ್ಥಿಗೆ ಮೊದಲು ಕಲಿಸಬೇಕಾದದ್ದು ಅಂಕವನ್ನು ಅಂಕವಾಗಿಯೇ ಓದುವುದನ್ನು. ನಾಲ್ಕು ರಸಗಳ ವೃತ್ತಾಕಾರದ ಚಿತ್ರ ವೈದ್ಯಶಾಸ್ತ್ರದ ಇತಿಹಾಸದ ಪಾಠದಲ್ಲಿರಲಿ.